ಆಕ್ಲೆಂಡಿಗೆ ಹೊರಟ ಕೊಡಗಿನವರಿಗೆ: ಕಾಲ ಕೆಳಗಿನ ಜ್ವಾಲಾಮುಖಿಗಳು

ರಜೆಗೆ ಮಡಿಕೇರಿಗೆ ಬಂದಿದ್ದೇನೆ. ಮಕ್ಕಳನ್ನು ನ್ಯೂಜಿಲೆಂಡಿನ ಆಕ್ಲೆಂಡಿಗೆ ಕಳಿಸುತ್ತಿರುವ ಅಪ್ಪ ಅಮ್ಮಂದಿರೆಲ್ಲ ಕೇಳುವುದು ಒಂದೇ, ಆ ಊರಿನ ಕೆಳಗೆ ಜ್ವಾಲಾಮುಖಿ ಇದೆಯಂತೆ, ಹೌದಾ ಅಂತ. ಇದೆ. ಒಂದಲ್ಲ, ಸುಮಾರು 53. 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತ ಕಂಡ ನಮ್ಮವರು ಹೀಗೆ ಕೇಳುವುದು ಸಹಜ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ದೊಡ್ಡ ಬೆಟ್ಟವೊಂದು ಹೊಗೆ ಉಗುಳುತ್ತಾ ನಿಂತಿಲ್ಲ. ಎಲ್ಲವೂ ಸಣ್ಣವು, ಹೆಚ್ಚಿನವು ಒಂದೇ ಸಲ ಸಿಡಿದು ಮುಗಿದವು. ಇನ್ನೊಮ್ಮೆ ಸಿಡಿದರೆ ಬಹುಶಃ ಹೊಸ ಜಾಗದಲ್ಲೇ. ಹಾಗಾಗಿ ಮೌಂಟ್ ಈಡನ್ ಎಂಬ ಹಳೆ ಜ್ವಾಲಾಮುಖಿಯ ಬುಡದಲ್ಲಿ ಬಾಡಿಗೆ ಮನೆ ಸಿಕ್ಕಿತು ಅಂತ ಹೆದರಿ ಆ ಮನೆ ಬಿಡಬೇಡಿ. ಕೊನೆಯದಾಗಿ ಎದ್ದದ್ದು ರಂಗಿಟೊಟೊ ದ್ವೀಪ, ಸುಮಾರು 600 ವರ್ಷದ ಹಿಂದೆ. ಪಕ್ಕದ ಮೊಟುಟಾಪು ದ್ವೀಪದಲ್ಲಿ ಆಗಲೇ ಆ ದೇಶದ ಮೂಲನಿವಾಸಿಗಳಾದ ಮಾವೊರಿಗಳಿದ್ದರು. ಆ ಬೂದಿಯ ಮೇಲೆ ನಡೆದ ಜನರ, ಅವರ ನಾಯಿಗಳ ಹೆಜ್ಜೆ ಗುರುತು ಇವತ್ತಿಗೂ ಸಿಕ್ಕಿವೆ. ಇದನ್ನು ಓದಿದ ದಿನ ನನಗೆ ಆ ಊರು ಬೇರೆಯಾಗಿಯೇ ಕಂಡಿತು. ಈಗ ಅಲ್ಲಿನ ಭೂಕಂಪ, ಜ್ವಾಲಾಮುಖಿ ನಿಗಾ ವ್ಯವಸ್ಥೆ ಜಿಯೋನೆಟ್‌ನವರು ಭೂಕಂಪ ಮಾಪಕ ಇಟ್ಟು ಹಗಲು ರಾತ್ರಿ ಗಮನಿಸುತ್ತಾರೆ, ಕರಗಿದ ಕಲ್ಲು ಮೇಲೇರುವಾಗ ಸಣ್ಣ ಸಣ್ಣ ನಡುಕ ಬರುತ್ತದಲ್ವಾ, ಅದನ್ನು ಹಿಡಿಯಲು.

ಹೋದ ಮೇಲೆ ನೆಲ ನೋಡುವುದನ್ನು ಕಲಿಯಿರಿ. ಟಾಕಪುನಾದ ಪುಪುಕೆ ಕೆರೆ ಜ್ವಾಲಾಮುಖಿಯ ಬಾಯಿ. ನಗರದ ಮ್ಯೂಸಿಯಂ ನಿಂತಿರುವುದೂ ಅಂಥದ್ದೇ ಒಂದು ಬಾಯಿಯ ಅಂಚಿನಲ್ಲಿ. ಹಳೆ ಬಡಾವಣೆಗಳ ಕಪ್ಪು ಕಲ್ಲಿನ ಕಾಂಪೌಂಡುಗಳು ಲಾವಾ ಆರಿ ಆದ ಕಲ್ಲಿನವು. ದಕ್ಷಿಣಕ್ಕೆ ಪುಕೆಕೊಹೆ ಕಡೆ ಹೋದರೆ ಈರುಳ್ಳಿ, ಆಲೂಗಡ್ಡೆ ಹೊಲಗಳು. ಅದು ಇನ್ನೂ ಹಳೆಯ ಜ್ವಾಲಾಮುಖಿಗಳು ಕೊಟ್ಟ ಮಣ್ಣು. ತೋಟದ ಮನೆಯಿಂದ ಬಂದವರು ಒಮ್ಮೆ ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಲೇಬೇಕು.

ಈ ಬೆಟ್ಟಗಳನ್ನು ಮಾವೊರಿಗಳು ಮೌಂಗಾ ಅನ್ನುತ್ತಾರೆ, ಪೂರ್ವಿಕರೆಂದೇ ಕಾಣುತ್ತಾರೆ. ನಮ್ಮಲ್ಲಿ ದೇವರಕಾಡಿಗೆ ಹೋದರೆ ಹೇಗಿರುತ್ತೇವೋ ಹಾಗೇ ಇರಿ. ಮೌಂಗಫೌ, ಅಂದರೆ ಮೌಂಟ್ ಈಡನ್, ಬಾಯಿ ಸುಮಾರು 50 ಮೀಟರ್ ಆಳ. ಫೋಟೊಗೆ ಅಂತ ಒಳಗೆ ಇಳಿಯಬೇಡಿ. ಇಳಿಜಾರಿನ ಮೆಟ್ಟಿಲು ಮೆಟ್ಟಿಲಾದ ನೆಲ, ಗುಂಡಿಗಳು ಅವರ ಹಳೆ ವಾಸದ ಗುರುತು. ಗುಂಡಿಗಳಲ್ಲಿ ಗೆಣಸು ಕೂಡಿಡುತ್ತಿದ್ದರು.

ಮನೆಯವರಿಗೆ ಇದನ್ನೂ ಹೇಳಿ: ದಿನನಿತ್ಯದ ಲೆಕ್ಕದಲ್ಲಿ ಜ್ವಾಲಾಮುಖಿಗಿಂತ ಮಳೆಗೆ ಜಾಸ್ತಿ ಹೆದರಬೇಕು. 2023ರ ಜನವರಿ 27ರಂದು ಸುರಿದ ಮಳೆಗೆ ಆಕ್ಲೆಂಡಿನಲ್ಲಿ ಪ್ರವಾಹ ಬಂತು, ಗುಡ್ಡ ಜರಿಯಿತು, ನಾಲ್ಕು ಜೀವ ಹೋಯಿತು. ಬರೆ ಕುಸಿತ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆ ನೋಡುವಾಗ ಹಿಂದಿನ ಇಳಿಜಾರು, ನೀರು ಹೋಗುವ ದಾರಿ ನೋಡಿಯೇ ಮುಂಗಡ ಕೊಡಿ. ಬಾಡಿಗೆಯವರ ಸಾಮಾನಿಗೆ ಮಾಲೀಕರ ವಿಮೆ ಬರುವುದಿಲ್ಲ, ನಿಮ್ಮದೇ ಮಾಡಿಸಿಕೊಳ್ಳಿ.

ಸ್ವಲ್ಪ ನೆಲೆಯಾದ ಮೇಲೆ ಪೇಟೆಯಿಂದ ಫೆರಿ ಹಿಡಿದು ರಂಗಿಟೊಟೊಗೆ ಹೋಗಿ. ಅಂಗಡಿ ಇಲ್ಲ, ಕುಡಿಯುವ ನೀರು ನೀವೇ ಒಯ್ಯಬೇಕು. ಚಪ್ಪಲಿ ಬೇಡ, ಲಾವಾ ಕಲ್ಲು ಚೂಪು, ಗಟ್ಟಿ ಶೂ ಹಾಕಿ. ಗವಿ ನೋಡಲು ಟಾರ್ಚ್ ಇರಲಿ. ವಾಪಸ್ ಬರುವ ಕೊನೆಯ ಫೆರಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ.