ಎರಡನೇ ನಿಮಿಷದ ಚಾಪ್: ನನ್ನ ಅನುಭವ

ಪ್ರೊ ರೆಸ್ಲಿಂಗ್‌ನಲ್ಲಿ, ಅಂದರೆ ಗೆಲುವು ಸೋಲು ಮೊದಲೇ ನಿರ್ಧಾರವಾಗಿರುವ ಪ್ರದರ್ಶನ ಕುಸ್ತಿಯಲ್ಲಿ, ನಿಜವಾದ ಏಟನ್ನು ಪಂದ್ಯದ ಕೊನೆಗೆ ಉಳಿಸಿಕೊಳ್ಳಬೇಡಿ, ಎರಡನೇ ನಿಮಿಷದಲ್ಲೇ ಕೊಟ್ಟುಬಿಡಿ. ಇದನ್ನು ನಾನು ಮೊದಲ ಸಲ ಡ್ರೆಸ್ಸಿಂಗ್ ರೂಮಿನಲ್ಲಿ ಹೇಳಿದಾಗ ನಗದವರೇ ಇರಲಿಲ್ಲ. ಶುರುವಿನಲ್ಲೇ ಬಂಡವಾಳ ಖಾಲಿ ಮಾಡಿಕೊಂಡರೆ ಉಳಿದ ಹದಿನೈದು ನಿಮಿಷ ಏನು ಮಾರ್ತೀಯಪ್ಪಾ ಅಂತ ಒಬ್ಬ ಹಿರಿಯರು ಕೇಳಿದರು. ಆಮೇಲೆ ಸುಮಾರು 40 ಪಂದ್ಯ ಇದೇ ಕ್ರಮದಲ್ಲಿ ಆಡಿದ್ದೇನೆ. ಈಗ ಅದೇ ಹಿರಿಯರು ತಮ್ಮ ಹುಡುಗರಿಗೆ ಇದನ್ನೇ ಹೇಳಿಕೊಡುತ್ತಿದ್ದಾರೆ, ನನ್ನ ಹೆಸರು ಮಾತ್ರ ಹೇಳುವುದಿಲ್ಲ. ಇರಲಿ.

ಬಂಪ್ ತಗೊಳ್ಳೋದು (ಏಟು ತಿಂದ ಹಾಗೆ ಮ್ಯಾಟ್ ಮೇಲೆ ಬೀಳೋದು), ಗಲ್ಲ ಎದೆಗೆ ಒತ್ತಿಕೊಳ್ಳೋದು, ಬೀಳುವಾಗ ಉಸಿರು ಬಿಡೋದು, ಇವೆಲ್ಲ ನಿಮಗೆ ಗೊತ್ತೇ ಇದೆ. ನಾನು ಸೋತ ಕಥೆಯಿಂದ ಶುರು ಮಾಡುತ್ತೇನೆ.

ಮೂರು ವರ್ಷ ನಾನು ಪಂಚ್ ನಂಬಿಕೊಂಡೇ ಹೀಲ್ (ಖಳನಾಯಕ) ಆಗಿ ಆಡಿದೆ. ಒಂದು ರಾತ್ರಿ ನನ್ನ ಮುಷ್ಟಿ ಜೊತೆಗಾರನ (ನಾವು ಎದುರಾಳಿಯನ್ನು ಕರೆಯುವುದೇ ಹಾಗೆ) ದವಡೆಯಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಅವನು ಪಾಪ, ಮಾತಾಡಿಕೊಂಡ ಹಾಗೆ ಬಿದ್ದೇಬಿಟ್ಟ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ "ತಾಗ್ಲೇ ಇಲ್ಲ!" ಅಂತ ಕೂಗಿದ. ಹತ್ತಿರ ಹತ್ತಿರ 200 ಜನ ಒಟ್ಟಿಗೆ ನಕ್ಕರು. ಆ ನಗು ಒಂದು ಸಲ ಎದ್ದರೆ ಮುಗೀತು, ಆಮೇಲೆ ಮೇಲಿನ ಹಗ್ಗದಿಂದ ಹಾರಿ ಪಕ್ಕೆಲುಬು ಮುರಿದುಕೊಂಡರೂ ಅವರಿಗೆ ತಮಾಷೆಯೇ. ಆಯೋಜಕರು ನನಗೆ ಬರಬೇಕಾದ ದುಡ್ಡಿನಲ್ಲಿ ಅರ್ಧ ಹಿಡಿದುಕೊಂಡರು. ಕೇಳಿದ್ದಕ್ಕೆ "ಕಾಮಿಡಿಗೆ ಇಷ್ಟೇ" ಅಂದರು.

ಸರಿ, ಸದ್ದು ಜಾಸ್ತಿ ಮಾಡೋಣ ಅಂತ ಹೊರಟೆ. ಪಂಚ್ ಜೊತೆಗೆ ಕಾಲಿನಿಂದ ಮ್ಯಾಟ್ ಒದೆಯುವುದು ಎಲ್ಲರೂ ಮಾಡುವುದೇ. ನಾನು ಇನ್ನೂ ಜೋರಾಗಿ ಒದೆದೆ. ಸಣ್ಣ ಹಾಲ್, ಜನ ನನ್ನ ಕೈ ಬಿಟ್ಟು ಕಾಲು ನೋಡತೊಡಗಿದರು. ಆಮೇಲೆ ರಿಂಗ್ ಕೆಳಗೆ ಮೈಕ್ ಇಟ್ಟೆ. ದೊಡ್ಡ ಶೋಗಳಲ್ಲಿ ಇಡುತ್ತಾರಲ್ಲ, ನಮಗೇನು ಕಡಿಮೆ ಅಂತ. ಒಂದು ತಿಂಗಳ ಸಂಪಾದನೆ ಅದರ ಬಾಡಿಗೆಗೇ ಹೋಯಿತು. ಮ್ಯಾಟ್ ಕೆಳಗಿನ ಬೋರ್ಡಿನ ಸದ್ದೇನೋ ಗುಡುಗಿನ ಹಾಗೆ ಬಂತು. ಜೊತೆಗೆ ನಾನು ಹೆಡ್‌ಲಾಕ್ ಹಾಕಿಕೊಂಡು (ಅವನ ತಲೆ ಕಂಕುಳಲ್ಲಿ ಹಿಡಿದು) ಪಿಸುಗುಟ್ಟಿದ "ಈಗ ಹಗ್ಗಕ್ಕೆ ತಳ್ತೀನಿ, ಬಗ್ಗು" ಅನ್ನುವುದೂ ಸ್ಪೀಕರಿನಲ್ಲಿ ಅಷ್ಟೇ ಸ್ಪಷ್ಟವಾಗಿ ಬಂತು.

ಆಗ ತಲೆ ಕೆಟ್ಟು, ಇನ್ನು ನಿಜವಾಗಿಯೇ ಹೊಡೆಯೋಣ ಅಂದೆ. ಜೊತೆಗಾರನೂ ಒಪ್ಪಿದ. ಒಂದು ಗಟ್ಟಿ ಪಂಚ್, ಅವನ ತುಟಿ ಸೀಳಿ ನಾಲ್ಕು ಹೊಲಿಗೆ. ಆ ರಾತ್ರಿ ನನಗೆ ಸಿಕ್ಕಿದ್ದರ ಮೂರು ಪಟ್ಟು ಅವನ ಚಿಕಿತ್ಸೆಗೆ ನಾನೇ ಕಟ್ಟಿದೆ. ಅದು ಹಾಳಾಗಲಿ, ವಿಡಿಯೋ ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ನಿಜವಾದ ಪಂಚೇ ಇಡೀ ಪಂದ್ಯದಲ್ಲಿ ಅತ್ಯಂತ ಸುಳ್ಳಾಗಿ ಕಾಣುತ್ತದೆ! ನಿಜವಾದ ಏಟು ಚಿಕ್ಕದು, ಬೇಗ ಮುಗಿಯುತ್ತದೆ, ಸದ್ದೂ ಅಷ್ಟಿಲ್ಲ. ಏಟು ತಿಂದವನು ಕೈಕಾಲು ಆಡಿಸುವುದಿಲ್ಲ, ಸುಮ್ನೆ ನಿಂತುಬಿಡುತ್ತಾನೆ. ಹಿಂದಿನ ಸಾಲಿಗೆ ಏನೂ ತಲುಪುವುದಿಲ್ಲ.

ಹಾಗಾದರೆ ನಿಜವೂ ಆಗಿರಬೇಕು, ಹಿಂದಿನ ಸಾಲಿಗೆ ಕಾಣಲೂ ಬೇಕು, ಮರುದಿನ ಜೊತೆಗಾರ ಕೆಲಸಕ್ಕೂ ಬರಬೇಕು. ಅಂಥದ್ದು ಏನಿದೆ? ಬರಿ ಎದೆಗೆ ಚಾಪ್, ಅಂದರೆ ತೆರೆದ ಕೈಯಿಂದ ಬೀಸಿ ಹೊಡೆಯುವ ಏಟು. 2005ರಲ್ಲಿ ಟೋಕಿಯೋ ಡೋಮ್‌ನಲ್ಲಿ ಜಪಾನಿನ ರೆಸ್ಲರ್‌ಗಳಾದ ಕೆಂಟಾ ಕೊಬಾಷಿ ಮತ್ತು ಕೆನ್ಸುಕೆ ಸಸಾಕಿ ಎದುರುಬದುರು ನಿಂತು ಚಾಪ್ ಮೇಲೆ ಚಾಪ್ ಹೊಡೆದುಕೊಂಡರಲ್ಲ, ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಹೊಸ ವರಸೆ ಏನಿಲ್ಲ, ಎರಡು ಎದೆ, ಎರಡು ಕೈ, ಅಷ್ಟೇ. ಸದ್ದು ಕಿವಿಗೆ ಬೀಳುತ್ತದೆ, ಚರ್ಮ ಕಣ್ಣೆದುರೇ ಕೆಂಪಾಗುತ್ತದೆ. ಆ ಕೆಂಪು ಗುರುತನ್ನು ಯಾರೂ ಅಭಿನಯಿಸೋಕೆ ಆಗಲ್ಲ, ಅಲ್ವಾ?

ನನ್ನ ಕ್ರಮ ಹೀಗೆ. ಮೊದಲ ಲಾಕ್-ಅಪ್ (ಇಬ್ಬರೂ ಹಿಡಿದುಕೊಂಡು ತಳ್ಳಾಡುವುದು) ಆದಮೇಲೆ ಜೊತೆಗಾರನನ್ನು ಮೂಲೆಗೆ ಒರಗಿಸಿ, ಜನ ಜಾಸ್ತಿ ಇರುವ ಕಡೆಗೆ ಅವನ ಎದೆ ತಿರುಗಿಸಿ, ಮೂರೇ ಚಾಪ್. ನಾಲ್ಕನೆಯದು ಬೇಡ, ನಾನು ಮಾಡಿ ನೋಡಿದ್ದೇನೆ, ಜನ ಎಣಿಸಲು ಶುರು ಮಾಡುತ್ತಾರೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಸ್ವಲ್ಪ ಹೊತ್ತು ಬಿಡಬೇಕು, ಹಾಲ್ ಪೂರ್ತಿ ತಣ್ಣಗಾಗುವವರೆಗೆ. ಎಷ್ಟು ಹೊತ್ತು, ಆಗ ನಾನು ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬೆರಳು ಹೇಗೆ ಮಡಿಸಬೇಕು ಅನ್ನುವುದನ್ನೂ ಅಷ್ಟೇ, ಅದು ನನ್ನ ಹೊಟ್ಟೆಪಾಡು. ಏಟು ಕುತ್ತಿಗೆಗೆ ಹೋಗಬಾರದು, ಒಪ್ಪಿಗೆ ಮೊದಲೇ ಕೇಳಿರಬೇಕು, ಇಷ್ಟು ಹೇಳಬಲ್ಲೆ.

ಆಮೇಲೆ ಮಜಾ ನೋಡಿ. ಐದು ಬೆರಳು ಎದೆ ಮೇಲೆ ಮೂಡಿದ ಮನುಷ್ಯನಿಗೆ ನಾನು ಹತ್ತನೇ ನಿಮಿಷದಲ್ಲಿ ಗಾಳಿಗೆ ಪಂಚ್ ಹೊಡೆದರೂ ಜನ "ಅಯ್ಯೋ" ಅನ್ನುತ್ತಾರೆ. ಮೊದಲ ಸಲ ಇದು ಕೆಲಸ ಮಾಡಿದ ರಾತ್ರಿ ನನ್ನ ಪಂಚ್ ಹಿಂದಿನಷ್ಟೇ ಕೆಟ್ಟದಾಗಿತ್ತು. ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬರು "ಬಿಡೋ ಅವನನ್ನ" ಅಂತ ನನಗೆ ಚಪ್ಪಲಿ ತೋರಿಸಿದರು. ಹೀಲ್‌ಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕಾ? ಮುಂದಿನ ತಿಂಗಳು ಆಯೋಜಕರು ನಮ್ಮನ್ನು ಕೊನೆಯ ಪಂದ್ಯಕ್ಕೆ ಹಾಕಿದರು, ದುಡ್ಡೂ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ನಡುವೆ ಕೆಲವು ಹುಚ್ಚು ಪ್ರಯೋಗಗಳನ್ನೂ ಮಾಡಿದೆ. ಬಂಪ್ ಸದ್ದು ಜಾಸ್ತಿ ಬರಲಿ ಅಂತ ಬೋರ್ಡಿನ ಮೇಲಿನ ಫೋಮ್ ಅರ್ಧ ತೆಗೆಸಿದೆ. ಸದ್ದು ಚೆನ್ನಾಗಿತ್ತು, ವಾರವಿಡೀ ಕುತ್ತಿಗೆ ತಿರುಗಲಿಲ್ಲ. ಎರಡು ಪಂದ್ಯ ಬಿಟ್ಟುಹೋಯಿತು, ಅಂದರೆ ಆ ತಿಂಗಳ ಸಂಪಾದನೆಯಲ್ಲಿ ಅರ್ಧ. ಫೋಮ್ ವಾಪಸ್ ಹಾಕಿಸಿದೆ.

ಇನ್ನೊಂದು ಪ್ರಯೋಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ರೆಫ್ರಿ ತಲೆ ಮೇಲೆ ಕೈ ಅಡ್ಡ ಹಿಡಿದು ಎಕ್ಸ್ ತೋರಿಸಿದರೆ ನಿಜವಾದ ಗಾಯ ಅಂತ ಒಳಗಿನವರಿಗೆಲ್ಲ ಗೊತ್ತು, ಈಗ ಜನಕ್ಕೂ ಗೊತ್ತು. ಅದನ್ನೇ ಸುಳ್ಳಾಗಿ ಬಳಸಿದರೆ ಹೇಗೆ ಅಂತ ರೆಫ್ರಿಗೆ ಪೂಸಿ ಹೊಡೆದು ಒಪ್ಪಿಸಿದೆ. ಒಳಗಿನವರು ಸ್ಟ್ರೆಚರ್ ಹಿಡಿದು ಓಡಿಬಂದರು, ಬರುವಾಗ ಒಬ್ಬ ಜಾರಿ ಮೊಣಕಾಲು ಒಡೆದುಕೊಂಡ. ಆ ರಾತ್ರಿ ಎಲ್ಲರಿಂದ ಬೈಸಿಕೊಂಡೆ, ಬೈದದ್ದು ಸರಿಯೇ. ನಾಳೆ ನಿಜವಾಗಿ ಯಾರಾದರೂ ಬಿದ್ದಾಗ ಅವರು ನಡೆದುಕೊಂಡು ಬಂದರೆ? 1997ರ ಸಮ್ಮರ್‌ಸ್ಲಾಮ್ ಅನ್ನುವ ಅಮೆರಿಕದ ದೊಡ್ಡ ಶೋನಲ್ಲಿ ರೆಸ್ಲರ್ ಸ್ಟೀವ್ ಆಸ್ಟಿನ್ ಕುತ್ತಿಗೆಗೆ ಪೈಲ್‌ಡ್ರೈವರ್‌ನಲ್ಲಿ (ತಲೆಕೆಳಗಾಗಿ ಹಿಡಿದು ಮ್ಯಾಟಿಗೆ ಇಳಿಸುವ ವರಸೆ) ಏಟು ಬಿದ್ದು ಸ್ವಲ್ಪ ಹೊತ್ತು ಕೈಕಾಲು ಆಡಲಿಲ್ಲ. ಎದುರಾಳಿ ಓವನ್ ಹಾರ್ಟ್ ಜನರನ್ನು ರೇಗಿಸುತ್ತಾ ಸಮಯ ಕಳೆದರು, ಆಸ್ಟಿನ್ ತೆವಳಿಕೊಂಡು ಬಂದು ಹೇಗೋ ರೋಲ್-ಅಪ್ ಮಾಡಿ (ಎದುರಾಳಿಯನ್ನು ಉರುಳಿಸಿ ಹಿಡಿದು) ಮೊದಲೇ ಗೊತ್ತಾಗಿದ್ದ ಗೆಲುವನ್ನು ಗೆದ್ದರು. ಫಲಿತಾಂಶ ಬರೆದಿಟ್ಟದ್ದು, ಕುತ್ತಿಗೆ ನಿಜ. ಆ ವಿಡಿಯೋ ನೋಡಿದ ಮೇಲೆ ನಾನು ಪೈಲ್‌ಡ್ರೈವರ್ ತಗೊಳ್ಳುವುದನ್ನೇ ಬಿಟ್ಟೆ. ಹೇಡಿ ಅನ್ನುವವರು ಅನ್ನಲಿ.

ಇಷ್ಟೆಲ್ಲ ಬಹಿರಂಗವಾಗಿ ಬರೆದರೆ ಕೇಫೇಬ್ (ಎಲ್ಲ ನಿಜ ಅಂತ ತೋರಿಸಿಕೊಳ್ಳುವ ನಮ್ಮ ಗುಟ್ಟು) ಹಾಳಾಗುತ್ತದೆ ಅಂತ ಕೆಲವರು ಗೊಣಗುತ್ತಾರೆ. 1989ರಲ್ಲೇ ಅಮೆರಿಕದ ವಿನ್ಸ್ ಮೆಕ್‌ಮಹೋನ್ ಅವರ ರೆಸ್ಲಿಂಗ್ ಕಂಪನಿ ನ್ಯೂ ಜೆರ್ಸಿ ಸೆನೆಟ್ ಮುಂದೆ ಇದು ಮನರಂಜನೆ, ಸ್ಪರ್ಧೆ ಅಲ್ಲ ಅಂತ ತಾನಾಗಿಯೇ ಒಪ್ಪಿಕೊಂಡಿತು, ಅದೂ ಕ್ರೀಡಾ ಆಯೋಗದ ಹಿಡಿತ ಮತ್ತು ತೆರಿಗೆ ತಪ್ಪಿಸಿಕೊಳ್ಳೋಕೆ. ಅಂಗಡಿ ಮುಚ್ಚಿತಾ? ಯಾರು ಗೆಲ್ಲುತ್ತಾರೆ ಅನ್ನುವುದು ಮೊದಲೇ ನಿರ್ಧಾರ ಅಂತ ಟಿಕೆಟ್ ತಗೊಳ್ಳುವವರಿಗೆ ಗೊತ್ತು. ನಾವೂ ಶುರುವಿನ ಎರಡು ನಿಮಿಷ, ಕೊನೆಯ ಮೂರು ನಿಮಿಷ ಮಾತ್ರ ಮೊದಲೇ ಮಾತಾಡಿಕೊಳ್ಳುತ್ತೇವೆ, ಮಧ್ಯದ್ದು ರಿಂಗಿನಲ್ಲೇ ಕಿವಿಯಲ್ಲಿ ಹೇಳಿಕೊಂಡು ನಡೆಯುತ್ತದೆ.

ನನ್ನ ಕ್ರಮ ಕೈಕೊಡುವುದು ಒಂದೇ ಕಡೆ: ಎದುರಾಳಿ ಟೀ ಶರ್ಟ್ ಹಾಕಿಕೊಂಡು ಬಂದಾಗ. ಬಟ್ಟೆ ಮೇಲೆ ಚಾಪ್ ಹೊಡೆದರೆ ದಿಂಬು ಕೊಡವಿದ ಹಾಗೆ ಕೇಳುತ್ತದೆ, ಗುರುತಂತೂ ಕಾಣುವುದೇ ಇಲ್ಲ. ಶರ್ಟ್ ಕತ್ತಿನ ಹತ್ತಿರ ಹಿಡಿದು ಹರಿಯುವುದು ಒಂದು ದಾರಿ. ಎರಡು ಸಲ ಹರಿದೆ, ಎರಡು ಸಲವೂ ಅವನ ಶರ್ಟಿನ ದುಡ್ಡು ನನ್ನ ಲೆಕ್ಕದಲ್ಲೇ ಕಳೆದರು. ಈಗ ತೊಡೆಯ ಹಿಂಭಾಗಕ್ಕೆ ಒದೆಯುವ ಒಂದು ವರಸೆ ನೋಡುತ್ತಿದ್ದೇನೆ. ಮೂರು ಪಂದ್ಯ ಆಗಿದೆ, ಸದ್ದು ಬರುತ್ತಿದೆ, ಕೆಂಪು ಇನ್ನೂ ಸರಿಯಾಗಿ ಏಳುತ್ತಿಲ್ಲ.