ಏರಿಯಾ ಸಮಸ್ಯೆ ಬಗ್ಗೆ ಹೇಳೋದಾದ್ರೆ ಕೆಲಸ ಆಗೋ ಥರ ಹೇಳಿ

ಬೀದಿ ದೀಪ ಉರೀತಿಲ್ಲ, ಕಸ ಎತ್ತಿಲ್ಲ, ರಸ್ತೆ ಅಗೆದು ಹಾಗೇ ಬಿಟ್ಟು ಹೋಗಿದಾರೆ ಅಂತ ಎಲ್ರೂ ಮಾತಾಡ್ತೀವಿ, ಆದ್ರೆ ಆ ಮಾತು ಕೆಲಸ ಮಾಡೋರ ಕಿವಿಗೆ ಬೀಳಬೇಕಲ್ವಾ. ಮೊದ್ಲು ನೀವೇ ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ, ಯಾರೋ ಫಾರ್ವರ್ಡ್ ಮಾಡಿದ್ದು ನಂಬ್ಕೊಂಡು ಬರೀಬೇಡಿ, ಹಳೇ ಫೋಟೋನ ಇವತ್ತಿಂದು ಅಂತ ಹಾಕೋರು ತುಂಬಾ ಜನ ಇದಾರೆ.

ಆಮೇಲೆ ಜಾಗ ಸರಿಯಾಗಿ ಹೇಳಿ, ಇದೇ ಮುಖ್ಯ. "ನಮ್ಮ ರೋಡಲ್ಲಿ ಲೈಟ್ ಇಲ್ಲ" ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ, ಕಂಬದ ಮೇಲೆ ಸಾಮಾನ್ಯವಾಗಿ ಒಂದು ನಂಬರ್ ಇರುತ್ತೆ, ಅದನ್ನ ಹಾಕಿ, ಎಷ್ಟು ದಿನದಿಂದ ಹೀಗಿದೆ, ಪೂರ್ತಿ ಆರಿದ್ಯಾ ಇಲ್ಲ ಹತ್ತಿ ಹತ್ತಿ ಆರ್ತಿದ್ಯಾ ಅದೂ ಹೇಳಿ, ರಿಪೇರಿಗೆ ಬರೋರಿಗೆ ಎಷ್ಟೋ ಸಲೀಸಾಗುತ್ತೆ. ಫೋಟೋ ಎರಡು ತೆಗೀರಿ, ಒಂದು ಹತ್ತಿರದಿಂದ, ಇನ್ನೊಂದು ಅಕ್ಕಪಕ್ಕದ ಗುರುತು ಸಿಗೋ ಹಾಗೆ ದೂರದಿಂದ. ಮಕ್ಕಳ ಮುಖ ಬಂದಿದ್ರೆ ದಯವಿಟ್ಟು ಬ್ಲರ್ ಮಾಡಿ.

ಒಂದು ದೂರಿಗೆ ಒಂದೇ ವಿಷ್ಯ. ದೂರಿನ ನಂಬರ್ ಇಸ್ಕೊಳ್ಳಿ, ಮುಂದೆ ಕೇಳೋಕೆ ಅದೇ ಆಧಾರ.

"ಚರಂಡಿ ಕಟ್ಕೊಂಡಿದೆ" ಅನ್ನೋದು ನೀವು ನೋಡಿದ್ದು, "ದುಡ್ಡು ಹೊಡ್ದಿದಾರೆ" ಅನ್ನೋದು ಆರೋಪ, ಸಾಕ್ಷಿ ಇಲ್ದೆ ಯಾರ ಹೆಸರೂ ಎಳೀಬೇಡಿ, ಜಗಳ ಶುರುವಾದ್ರೆ ಚರಂಡಿ ವಿಷ್ಯ ಮರೆತೇ ಹೋಗುತ್ತೆ. ಬೇರೆಯವ್ರ ಮಾತೂ ಕೇಳಿಸ್ಕೊಳ್ಳಿ, ನಿಮಗೆ ಹಂಪ್ ಬೇಕು ಅನ್ಸಬಹುದು, ಅದ್ರ ಎದುರಿಗಿರೋ ಮನೆಯವ್ರಿಗೆ ರಾತ್ರಿಯೆಲ್ಲ ಗಾಡಿ ಧಡ್ ಅನ್ನೋ ಸದ್ದು. ಕೆಲಸ ಮುಗಿದ್ಮೇಲೆ ಆಯ್ತು ಅಂತಾನೂ ಹೇಳಿ, ಬೇರೆಯವ್ರು ಮತ್ತೆ ಅದೇ ದೂರು ಕೊಡೋದು ತಪ್ಪುತ್ತೆ.