10,000 ಮೀಟರ್ ಓಟ, ಒಳಗಿನ ಗೆರಿ ಮತ್ತ ನನ್ನ ಎಡಗಾಲು

2018ರ ಆಗಸ್ಟ್ 26ರ ಸಂಜಿ ಧಾರವಾಡದ ಹಾಸ್ಟೆಲ್ ರೂಮಿನ್ಯಾಗ ಆರು ಮಂದಿ ಒಂದ ಮೊಬೈಲಿಗೆ ಮುಖ ಹಚ್ಚಿ ಕುಂತಿದ್ವಿ. ಜಕಾರ್ತಾ ಏಷ್ಯನ್ ಗೇಮ್ಸ್, ಗಂಡಸರ 10,000 ಮೀಟರ್. ನಮ್ಮ ದೇಶದ ಗೋವಿಂದನ್ ಲಕ್ಷ್ಮಣನ್ 29:44.91ಕ್ಕ ಮೂರನೇದಾಂವ ಆಗಿ ಬಂದ, 1998ರಾಗ ಗುಲಾಬ್ ಚಂದ್ ಕಂಚು ತಂದಿದ್ದಕ್ಕ ಇಪ್ಪತ್ತು ವರ್ಷ ಆದಮ್ಯಾಲ ಈ ರೇಸಿನ್ಯಾಗ ಮೆಡಲ್ ಬಂತು ಅಂತ ಕುಣದಾಡಿದ್ವಿ, ಆಮ್ಯಾಲ ನೋಡಿದ್ರ ಡಿಸ್‌ಕ್ವಾಲಿಫೈ. ಓಡೂವಾಗ ಕಾಲು ಟ್ರ್ಯಾಕಿನ ಒಳಗಿನ ಗೆರಿ ದಾಟಿ ಬಿದ್ದಿತ್ತಂತ. ಕಂಚು ಚೀನಾದಾಂವಗ ಹೋತು.

ಆ ರಾತ್ರಿ ನನಗ ಊಟ ಸೇರಲಿಲ್ಲ, ಯಾಕಂದ್ರ ಅದ ವರ್ಷ ಒಂದು ಕಾಲೇಜ್ ಮೀಟಿನ್ಯಾಗ ನನಗೂ ಹಂಗ ಆಗಿತ್ತು. 19ನೇ ರೌಂಡ್, ನಾಲ್ಕು ಮಂದಿ ನಡುವ ಒಳಗಿನ ಕಡೆ ಸಿಕ್ಕೊಂಡಿದ್ದೆ, ತಿರುವಿನ್ಯಾಗ ಮುಂದಿನಾಂವ ಒಮ್ಮೆಲೇ ಸ್ಲೋ ಆದ, ಅವನ ಹಿಮ್ಮಡಿ ತುಳೀತೀನಿ ಅಂತ ಎಡಕ್ಕ ಸರದೆ, ಎರಡು ಹೆಜ್ಜಿ ಸುಣ್ಣದ ಗೆರಿ ದಾಟಿ ಹುಲ್ಲಿನ್ಯಾಗ. ಯಾರರ ನೂಕಿದ್ರ ರೂಲಿನ್ಯಾಗ ಮಾಫಿ ಅದ, ನನ್ನ ಯಾರೂ ನೂಕಿದ್ದಿಲ್ಲ. ಎರಡನೇ ನಂಬರ್ ಬಂದೂ ಹೆಸರಿನ ಮುಂದ ಡಿಕ್ಯೂ ಅಂತ ಬರದ್ರು.

ಲಕ್ಷ್ಮಣನ್‌ಗ ಆಗಿದ್ದು ನೋಡಿದಮ್ಯಾಲ ಇದನ್ನ ಪ್ರ್ಯಾಕ್ಟೀಸ್ ಮಾಡಿ ತಗೀಬೇಕು ಅಂತ ಹಟಾ ಹಿಡದೆ. ಕೆ.ಸಿ.ಡಿ. (ಕರ್ನಾಟಕ ಕಾಲೇಜ್) ಗ್ರೌಂಡಿನ್ಯಾಗ ನಾವ ಸುಣ್ಣಾ ಹಾಕಿ ಗೆರಿ ಹೊಡದಿದ್ವಿ, ಧಾರವಾಡದ ಜಿಟಿಜಿಟಿ ಮಳಿಗೆ ಅದು ಎರಡು ದಿನಾನೂ ನಿಲ್ಲೂದಿಲ್ಲ. ಆದ್ರ ಅದ ಮಳಿ ನನಗ ಕಲಿಸ್ತು. ಹಸಿ ಮಣ್ಣಿನ್ಯಾಗ ಶೂಸಿನ ಗುರುತು ಮೂಡ್ತಾವಲ್ಲ, ತಿರುವಿನ್ಯಾಗ ಕುಕ್ಕರಗಾಲಿನ್ಯಾಗ ಕುಂತು ಗೆರಿಯಿಂದ ಎಡಗಾಲಿನ ಗುರುತಿನ ತನಕ ಗೇಣು ಹಾಕಿ ಅಳದೆ. ಮೊದಲಿನ ರೌಂಡಿಂದು ಒಂದೂವರಿ ಗೇಣು ದೂರ. ಕೊನೀದು ನಾಲ್ಕು ಬೆರಳೂ ಇಲ್ಲ! ಸುಸ್ತಾದಂಗ ಎಡ ಭುಜ ಇಳೀತದ, ಕುತ್ತಿಗಿ ಬಾಗ್ತದ, ಕಾಲು ತಾನ ಒಳಗ ಜಗ್ತದ, ನಮಗ ಗೊತ್ತ ಆಗೂದಿಲ್ಲ.

ಅಂತರಾಷ್ಟ್ರೀಯ ಟ್ರ್ಯಾಕಿಗೆ ಒಳಗ ಸಣ್ಣ ಕಟ್ಟಿ ಇರ್ತದ, ಸುಮಾರು 5 ಸೆಂಟಿಮೀಟರ್ ಎತ್ತರ, 400 ಮೀಟರ್ ಅಳಿಯೂದು ಆ ಕಟ್ಟಿಯಿಂದ 30 ಸೆಂಟಿಮೀಟರ್ ಹೊರಗ, ಅಂದ್ರ ಗೆರಿಗೆ ಅಂಟಿಕೊಂಡು ಓಡೋ ಅವಶ್ಯಕತೆನ ಇಲ್ಲ. ಮೊದಲ ಕಟ್ಟಿ ಬದಲಿ ಇಟ್ಟಂಗಿ ಇಟ್ಟೆ, ಕಾಲು ಉಳುಕಿ ಹತ್ತು ದಿನ ಕುಂತೆ. ಆಮ್ಯಾಲ ಹಾಸ್ಟೆಲಿನ ಹಳೇ ರಬ್ಬರ್ ಚಪ್ಪಲಿ ಎಲ್ಲಾ ಕೂಡಿಸಿ ಎರಡೆರಡು ಒಂದರಮ್ಯಾಲೊಂದು ತಿರುವಿನುದ್ದಕ್ಕ ಇಟ್ಟೆ. ತುಳದ್ರ ಗೊತ್ತಾಗ್ತದ, ಕಾಲಿಗೆ ಏನೂ ಆಗೂದಿಲ್ಲ. ಹನ್ನೆರಡು ಸಲ 400 ಮೀಟರ್, ಒಂದೊಂದು 78 ಸೆಕೆಂಡಿಗೆ, ನಡುವ ಒಂದು ನಿಮಿಷ ಜಾಗಿಂಗ್. ಚಪ್ಪಲಿ ಇಡೂದು ಕೊನೀ ನಾಲ್ಕಕ್ಕ ಅಷ್ಟ, ಕಾಲು ಸೋತಾಗ ಹೆಂಗ ಬೀಳ್ತದ ಅನ್ನೋದ ನನಗ ಬೇಕಾಗಿತ್ತು.

ಇನ್ನೊಂದು ಮಾತು ನಮ್ಮ ಕೋಚ್ ಸರ್ ಹೇಳಿದ್ದು: "ತಮ್ಮಾ, ಮುಂದಿನಾಂವನ ಬೆನ್ನಿಗೆ ನಿಲ್ಲಬ್ಯಾಡ, ಬಲ ಭುಜದ ಹಿಂದ ನಿಲ್ಲು." ಹಂಗ ನಿಂತ್ರ ಸಿಕ್ಕೊಳ್ಳೂದಿಲ್ಲ, ಆದ್ರ ಪೂರ್ತಿ ಎರಡನೇ ಲೇನಿಗೆ ಹೋದ್ರ ಒಂದು ರೌಂಡಿಗೆ ಸುಮಾರು 7 ಮೀಟರ್ ಜಾಸ್ತಿ, 25 ರೌಂಡಿಗೆ ಲೆಕ್ಕಾ ಹಾಕ್ರಿ. ಅದಕ್ಕ ದಾಟೂದಿದ್ರ ನೆಟ್ಟನ ಕಡೆ ದಾಟಬೇಕು, ತಿರುವಿನ್ಯಾಗ ಬ್ಯಾಡ.

ಮುಂದಿನ ವರ್ಷ 33:26ಕ್ಕ ಮುಗಿಸಿದೆ, ಮೂರನೇ ನಂಬರ್. ರಿಸಲ್ಟ್ ಶೀಟ್ ಹಚ್ಚೂತನಕ ಶೂಸ್ ಬಿಚ್ಚಿದ್ದಿಲ್ಲ.

2023ರಾಗ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಾಗ ಇದ 10,000 ಮೀಟರಿನ್ಯಾಗ ನಮ್ಮ ದೇಶದ ಕಾರ್ತಿಕ್ ಕುಮಾರ್ 28:15.38ಕ್ಕ ಬೆಳ್ಳಿ, ಗುಲ್ವೀರ್ ಸಿಂಗ್ 28:17.21ಕ್ಕ ಕಂಚು, ರೌಂಡಿಗೆ ಹತ್ರಹತ್ರ 68 ಸೆಕೆಂಡ್! ಬಹ್ರೇನಿನ ಬಿರ್ಹಾನು ಬಾಲೆವ್ ಗೆದ್ದದ್ದು ಎರಡು ಸೆಕೆಂಡೂ ತುಂಬದ ಅಂತರಕ್ಕ. ಈಗ ನನ್ನ ಕಡೆ ಓಡಾಕ ಬರೋ ಹುಡುಗ್ರನ್ನ ಕೂಡಿಸ್ಕೊಂಡು ಆ ವಿಡಿಯೋ ತಿರುವಿಗೊಮ್ಮೆ ನಿಲ್ಲಿಸಿ ನೋಡಿದ್ವಿ, ಮುಖಾ ಬ್ಯಾಡ, ಎಡಗಾಲು ನೋಡ್ರಿ ಅಂದೆ. ಒಬ್ಬಾಂವ ಎದ್ದು ಹೋಗಿ ತನ್ನ ಚಪ್ಪಲಿ ತಂದು ನನ್ನ ಮುಂದ ಇಟ್ಟ, "ಅಣ್ಣಾ, ನಾಳೆಗೆ ಇವೂ ಇರ್ಲಿ" ಅಂದ.